ದೋಣಿ ಹತ್ತುವ ಕೂಸಿಗೆ ಅದರ ಅಳತೆಯ ಜಾಕೆಟ್ ಬೇಕು

ಸಂಪಾದಕರಿಗೆ,

ಮಾನ್ಯರೇ,

ರಜೆಯಲ್ಲಿ ಎಲ್ಲೆಲ್ಲಿ ಸುತ್ತಾಡಬಹುದು ಅಂತ ನಿಮ್ಮ ಪತ್ರಿಕೆಯಲ್ಲಿ ಬಂದ ಪುಟ ಚೆನ್ನಾಗಿತ್ತು. ಅದರಲ್ಲಿ ದೋಣಿಯಲ್ಲಿ ಕೂತ ಒಂದು ಕುಟುಂಬದ ಫೋಟೊ ಇದೆ. ಅಪ್ಪ ಲೈಫ್ ಜಾಕೆಟ್, ಅಂದರೆ ನೀರಿಗೆ ಬಿದ್ದವರನ್ನು ತೇಲಿಸುವ ಜಾಕೆಟ್, ಹಾಕಿ ಬಕಲ್ ಕೂಡ ಬಿಗಿದಿದ್ದಾರೆ. ಅವ್ವನಿಗೂ ಜಾಕೆಟ್ ಇದೆ. ಅವ್ವನ ತೊಡೆಯ ಮೇಲಿನ ಕೂಸಿಗೆ ಮಾತ್ರ ಏನೂ ಇಲ್ಲ. ಪಕ್ಕದಲ್ಲಿ ನಿಂತ ಹುಡುಗನಿಗೆ ದೊಡ್ಡವರ ಜಾಕೆಟ್ಟೇ ತೊಡಿಸಿದ್ದಾರೆ, ಮೊಣಕಾಲ ತನಕ ಇಳಿದಿದೆ. ಬೇರೆಯವರಿಗೆ ಆ ಫೋಟೊದಲ್ಲಿ ನಗುಮುಖ ಕಂಡಿರಬಹುದು. ನನಗೆ ಅಳತೆ ಕಂಡಿತು. ಯಾಕೆಂದರೆ ನಾನು ಬಾಗಲಕೋಟೆಯ ನವನಗರದಲ್ಲಿ ಟೇಲರ್. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವುದೇ ನನ್ನ ಕೆಲಸ.

ಜೂನ್ ಬಂತೆಂದರೆ ಅಂಗಡಿಗೆ ಬರುವ ಎಲ್ಲ ತಾಯಂದಿರೂ ಹೇಳುವ ಮಾತು ಒಂದೇ: "ಬೆಳಿಯೂ ಹುಡುಗ್ರೀ ಅಣ್ಣಾರ, ಎರಡಿಂಚು ದೊಡ್ಡದ ಮಾಡ್ರಿ." ನಾನೂ ಮಾಡಿಕೊಡುತ್ತೇನೆ. ಅಂಚಿನಲ್ಲಿ ಬಟ್ಟೆ ಮಡಚಿ ಇಟ್ಟಿರುತ್ತೇನೆ, ಮುಂದಿನ ವರ್ಷ ಬಿಚ್ಚಿದರೆ ಆಯಿತು. ಬಡವರ ಮನೆಯಲ್ಲಿ ಇದು ಜಾಣತನವೇ. ಆದರೆ ನೀರಿಗಿಳಿಯುವ ಜಾಕೆಟ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಎರಡಿಂಚು ಸಡಿಲ ಇದ್ದರೆ ಜಾಕೆಟ್ ತೇಲುತ್ತದೆ, ಕೂಸು ಕೆಳಗೆ ಜಾರುತ್ತದೆ.

ಕಳೆದ ಸಂಕ್ರಾಂತಿಗೆ ಮಗಳು ಹುಬ್ಬಳ್ಳಿಯಿಂದ ಎರಡು ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದಳು. ನಮ್ಮ ಭಾಗದ ಒಂದು ಬೋಟಿಂಗ್ ತಾಣಕ್ಕೆ ಹೋದೆವು. ಹೆಸರು ಬೇಡ, ತಪ್ಪು ಅವರೊಬ್ಬರದೇ ಅಲ್ಲ. ಮೊಮ್ಮಗಳಿಗೆ ಐದು ವರ್ಷ, ಮೊಮ್ಮಗ ಆಗಷ್ಟೇ ಹೆಜ್ಜೆ ಇಡುತ್ತಿದ್ದ. ಕೌಂಟರ್ ಪಕ್ಕ ಕಿತ್ತಳೆ ಬಣ್ಣದ ಜಾಕೆಟ್‌ಗಳ ರಾಶಿ. ಎಲ್ಲವೂ ಒಂದೇ ಸೈಜು. ಸಣ್ಣದು ಇಲ್ಲವೇ ಅಂತ ಕೇಳಿದೆ. ಹುಡುಗ ನಕ್ಕ. "ಕೂಸಿಗ್ಯಾಕ್ರೀ ಅಜ್ಜಾರ ಜಾಕೆಟ್? ತೊಡಿ ಮ್ಯಾಲ ಕುಂದ್ರಿಸ್ಕೋರಿ. ಒಂದ್ ರೌಂಡ್ ಅಷ್ಟ ಐತಿ."

ಮೊಮ್ಮಗಳಿಗೆ ಒಂದನ್ನು ತೊಡಿಸಿ, ಬಕಲ್ ಹಾಕಿ, ಪಟ್ಟಿ ಎಳೆಯುವಷ್ಟು ಎಳೆದೆ. ಆಮೇಲೆ ಭುಜದ ಮೇಲಿನ ಎರಡೂ ಪಟ್ಟಿ ಹಿಡಿದು ಮೆಲ್ಲಗೆ ಮೇಲೆತ್ತಿದೆ. ಅಂಗಡಿಯಲ್ಲಿ ಭುಜದ ಹೊಲಿಗೆ ಕೂತಿದೆಯಾ ಅಂತ ನೋಡಲು ನಾನು ಮಾಡುವುದೂ ಇದನ್ನೇ. ಜಾಕೆಟ್ ಸೀದಾ ಅವಳ ಕಿವಿ ದಾಟಿ ಮೇಲೆ ಬಂತು. ಹುಡುಗಿ ಒಳಗಿಂದ "ಅಜ್ಜಾ, ಏನೂ ಕಾಣವಲ್ದು" ಅಂದಳು. ಕೈ ಎತ್ತಿದ್ದರೆ ಪೂರ್ತಿ ಹೊರಗೇ ಬರುತ್ತಿತ್ತು. ನಾವು ಟಿಕೆಟ್ ತೆಗೆಸಲಿಲ್ಲ. ದಂಡೆಯ ಮೇಲೆ ಕೂತು ಮಂಡಕ್ಕಿ ತಿಂದು ಬಂದೆವು. ಮಕ್ಕಳು ಅತ್ತವು, ಮಗಳು ಅರ್ಧ ದಾರಿ ಮಾತಾಡಲಿಲ್ಲ.

ಈ ಎತ್ತಿ ನೋಡುವ ಪರೀಕ್ಷೆಯನ್ನು ದಯವಿಟ್ಟು ಎಲ್ಲ ಅಪ್ಪ ಅವ್ವಂದಿರೂ ಮಾಡಿ. ಇದಕ್ಕೆ ಟೇಲರ್ ಆಗಬೇಕಿಲ್ಲ. ಬಕಲ್ ಹಾಕಿದ ಮೇಲೆ ಭುಜ ಹಿಡಿದು ಎತ್ತಿದರೆ ಜಾಕೆಟ್ ಗದ್ದ, ಕಿವಿಯ ತನಕ ಏರಬಾರದು. ಏರಿದರೆ ಅದು ಆ ಮಗುವಿನದ್ದಲ್ಲ.

ಸಣ್ಣ ಮಕ್ಕಳ ಜಾಕೆಟ್ ಅಂದರೆ ದೊಡ್ಡವರದ್ದನ್ನೇ ಕತ್ತರಿಸಿ ಗಿಡ್ಡ ಮಾಡಿದ್ದಲ್ಲ. ಅದರ ಕಟಿಂಗೇ ಬೇರೆ. ಮೊದಲನೆಯದು, ಎರಡು ಕಾಲಿನ ಸಂದಿಯಿಂದ ಬಂದು ಮುಂದೆ ಸಿಕ್ಕಿಸುವ ಒಂದು ಪಟ್ಟಿ. ಕೂಸಿಗೆ ನಮ್ಮ ಹಾಗೆ ಭುಜ ಇರುವುದಿಲ್ಲ, ಸೊಂಟವೂ ಇರುವುದಿಲ್ಲ, ಎದೆಯಿಂದ ಕೆಳಗೆ ಒಂದೇ ಸಮ. ಹಾಗಾಗಿ ಜಾಕೆಟ್ ಮೇಲೆ ಜಾರದಂತೆ ತಡೆಯುವುದು ಈ ಪಟ್ಟಿ ಒಂದೇ. ಎರಡನೆಯದು, ಕತ್ತಿನ ಹಿಂದೆ ದಪ್ಪ ಕಾಲರ್. ಕುಂಚಿಗೆ ಹೊಲಿದವರಿಗೆಲ್ಲ ಗೊತ್ತು, ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಎದೆಗಿಂತ ಜಾಸ್ತಿ. ವರ್ಷ ತುಂಬುವ ಹೊತ್ತಿಗೆ ಎರಡೂ ಹೆಚ್ಚುಕಡಿಮೆ ಸಮ ಆಗುತ್ತವೆ. ಅಂಥ ಭಾರದ ತಲೆ ನೀರಿನಲ್ಲಿ ಮುಂದಕ್ಕೆ ಬಾಗಿದರೆ ಕೂಸು ತಾನಾಗಿ ಎತ್ತಿಕೊಳ್ಳಲಾರದು. ಕಾಲರ್ ಅದನ್ನು ಹಿಂದಕ್ಕೆ ಎಳೆದು, ಮುಖ ಮೇಲಿರುವಂತೆ ಹಿಡಿಯುತ್ತದೆ. ಮೂರನೆಯದು ಬೆನ್ನ ಮೇಲೆ ಗಟ್ಟಿ ಹಿಡಿಕೆ. ನೀರಿಗೆ ಬಿದ್ದ ಕೂಸನ್ನು ಎಲ್ಲಿ ಹಿಡಿದು ಎತ್ತುತ್ತೀರಿ? ಒದ್ದೆ ಕೈ, ಒದ್ದೆ ಮೈ. ಆ ಹಿಡಿಕೆ ಇದ್ದರೆ ಒಂದೇ ಕೈಗೆ ಸಿಗುತ್ತದೆ.

ಇವುಗಳ ಸೈಜು ವಯಸ್ಸಿನ ಮೇಲೆ ಇಲ್ಲ, ತೂಕದ ಮೇಲೆ. ಅಮೆರಿಕದ ಗುರುತಿನ ಜಾಕೆಟ್‌ಗಳಲ್ಲಿ ಸುಮಾರು 13 ಕೆ.ಜಿ. ತನಕ ಒಂದು, ಅಲ್ಲಿಂದ ಸುಮಾರು 22 ಕೆ.ಜಿ. ತನಕ ಒಂದು, ಆಮೇಲೆ 40 ಕೆ.ಜಿ. ತನಕ ಇನ್ನೊಂದು. ನನ್ನ ಮೊಮ್ಮಕ್ಕಳಿಬ್ಬರಿಗೂ ಒಂದೇ ಜಾಕೆಟ್ ಆಗುವುದಿಲ್ಲ ಅಂತಾಯಿತು. ನಮ್ಮ ತಾಯಂದಿರಿಗೆ ತೂಕ ಕೇಳಿದರೆ ಗೊತ್ತಿರುತ್ತದೆ, ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ, ಅಂಗನವಾಡಿಯಲ್ಲಿ ತೂಗುತ್ತಾರೆ. ಗೊತ್ತಿಲ್ಲದವರಿಗೆ ಟಿಕೆಟ್ ಕೌಂಟರಿನಲ್ಲೇ ಒಂದು ತೂಕದ ಯಂತ್ರ ಇಡಲಿ. ಕಿರಾಣಿ ಅಂಗಡಿಯಲ್ಲೂ ಇರುವ ವಸ್ತು ಅದು.

ತೀರಾ ಸಣ್ಣ ಕೂಸುಗಳ ವಿಷಯದಲ್ಲಿ ನನ್ನ ಮಾತು ಕಡ್ಡಿ ಮುರಿದಂತೆ: ಕರೆದೊಯ್ಯಬೇಡಿ. ದೋಣಿ ಸುರಕ್ಷತೆ ಬಲ್ಲ ಹೊರದೇಶದವರು ಕೂಸು ಸುಮಾರು 8 ಕೆ.ಜಿ. ತೂಗಿ, ತನ್ನ ಅಳತೆಯ ಜಾಕೆಟ್ ಸರಿಯಾಗಿ ಕೂರುವ ತನಕ ದೋಣಿ ಬೇಡ ಅನ್ನುತ್ತಾರೆ. ಆರು ತಿಂಗಳ ಕೂಸಿಗೆ ಕೃಷ್ಣೆಯೂ ಒಂದೇ, ಮನೆಯ ಬಚ್ಚಲೂ ಒಂದೇ. ಯಾರ ಖುಷಿಗೆ ಹತ್ತಿಸುವುದು? ಫೋಟೊಕ್ಕೆ ತಾನೇ?

"ನಾ ಗಟ್ಟಿ ಹಿಡ್ಕೊಂಡಿರ್ತೀನಿ" ಅನ್ನುವವರಿದ್ದಾರೆ. ದೋಣಿ ಮಗುಚಿದಾಗ ಮನುಷ್ಯನ ಕೈ ತಾನಾಗಿ ಏನನ್ನಾದರೂ ಹಿಡಿಯಲು ಹೋಗುತ್ತದೆ, ಹಿಡಿದದ್ದು ಬಿಟ್ಟುಹೋಗುತ್ತದೆ. ಅದಕ್ಕಿಂತ ಅಪಾಯ ಕೂಸನ್ನು ಎದೆಗೆ ಕಟ್ಟಿಕೊಳ್ಳುವುದು. ಈಗ ಎಲ್ಲರ ಹತ್ತಿರ ಆ ಕಾಂಗರೂ ಚೀಲ ಇದೆ, ಹಳ್ಳಿಯವರು ಸೆರಗಿನಲ್ಲೇ ಕಟ್ಟಿಕೊಳ್ಳುತ್ತಾರೆ. ಅವ್ವ ಬೋರಲು ಬಿದ್ದರೆ ಕೂಸು ಅವಳ ಕೆಳಗೆ, ನೀರಿನಲ್ಲಿ. ಗಂಟು ಬಿಚ್ಚುವ ಹೊತ್ತು ಎಲ್ಲಿದೆ? ಕೂಸನ್ನು ಒಳಗಿಟ್ಟುಕೊಂಡು ಮೇಲೆ ತಮ್ಮ ಜಾಕೆಟ್ ಹಾಕಿಕೊಳ್ಳುವವರನ್ನೂ ನೋಡಿದ್ದೇನೆ. ಅದೂ ಬೇಡ. ಕೂಸಿಗೆ ಕೂಸಿನ ಜಾಕೆಟ್, ಅವ್ವನಿಗೆ ಅವ್ವನದು, ಇಬ್ಬರ ನಡುವೆ ಕಟ್ಟು ಇರಬಾರದು. ಪ್ರತಿ ಸಣ್ಣ ಮಗುವಿಗೆ ಒಬ್ಬರು ದೊಡ್ಡವರು, ಅವರ ಕೈಯಲ್ಲಿ ಮೊಬೈಲ್ ಇರಕೂಡದು. ಗಾಳಿ ತುಂಬಿದ ಬಾತುಕೋಳಿ ಟ್ಯೂಬು ಆಟಿಕೆ, ಅದನ್ನು ಜಾಕೆಟ್ ಅಂತ ತಿಳಿಯಬಾರದು.

ಈ ವಿಷಯ ಅಂಗಡಿಯಲ್ಲಿ ಮಾತಾಡಿದ ಮೇಲೆ ಒಬ್ಬಿಬ್ಬರು, "ನೀವ ಹೊಲದ್ ಕೊಡ್ರಲಾ" ಅಂತ ಬಂದರು. ಇಲ್ಲ ಅಂದೆ. ಬಟ್ಟೆ ನನ್ನದು, ಹೊಲಿಗೆ ನನ್ನದು, ಆದರೆ ಒಳಗಿನ ಫೋಮ್ ನನಗೆ ಗೊತ್ತಿಲ್ಲದ ವಿದ್ಯೆ. ಸೋಫಾಕ್ಕೆ ಹಾಕುವ ಸ್ಪಂಜು ನೀರು ಕುಡಿದು ಭಾರವಾಗುತ್ತದೆ, ಜಾಕೆಟ್‌ನ ಫೋಮ್ ನೀರು ಕುಡಿಯಬಾರದು. ಎಷ್ಟು ತೂಕವನ್ನು ಹೇಗೆ ತೇಲಿಸುತ್ತದೆ, ಮುಖ ಮೇಲೆ ಬರುತ್ತದೋ ಇಲ್ಲವೋ ಅಂತ ನೀರಿನಲ್ಲಿ ಹಾಕಿ ಪರೀಕ್ಷೆ ಮಾಡಿದ ಜಾಕೆಟ್ಟೇ ಬೇಕು. ಹತ್ತಿ ದಾರದಲ್ಲಿ ಹೊಲಿದ ರಿಪೇರಿಯೂ ಬೇಡ, ಒದ್ದೆಯಾಗಿ ಒಣಗಿ ಅದು ಕೊಳೆತುಹೋಗುತ್ತದೆ. ಹರಿದ ಜಾಕೆಟ್ ತೆಗೆದು ಹಾಕಿ, ನನ್ನಂಥವರ ಹತ್ತಿರ ತರಬೇಡಿ.

ಇದ್ದ ಜಾಕೆಟ್‌ಗಳನ್ನಾದರೂ ಚೆನ್ನಾಗಿ ಇಟ್ಟುಕೊಳ್ಳುತ್ತಾರಾ? ನಾವು ಹೋದಲ್ಲಿ ಸಿಬ್ಬಂದಿ ಅದರ ಮೇಲೇ ಕೂತು ಊಟ ಮಾಡುತ್ತಿದ್ದರು. ಹಾಗೆ ಒತ್ತಿ ಒತ್ತಿ ಫೋಮ್ ಸಾಯುತ್ತದೆ. ಒದ್ದೆಯಲ್ಲೇ ರಾಶಿ ಹಾಕಿದ್ದರಿಂದ ಗಬ್ಬು ವಾಸನೆ. ತಾಯಂದಿರು ಮೂಗು ಮುಚ್ಚಿಕೊಂಡು "ಬ್ಯಾಡ ಬಿಡ್ರಿ" ಅನ್ನುವುದು ಈ ವಾಸನೆಗೆ. ನೆರಳಲ್ಲಿ ಒಂದು ತಂತಿ ಕಟ್ಟಿ ಹರವಿದರೆ ಮುಗೀತು.

ಜಾಕೆಟ್ ಸರಿಯಿದ್ದರೂ ಮಗುವಿಗೆ ಹಿತ ಇರಬೇಕಲ್ಲ. ನೀರಿನ ಮೇಲೆ ತಂಪು ಅಂತ ನಾವು ಅಂದುಕೊಳ್ಳುತ್ತೇವೆ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ಬಿಸಿಲು, ಮೇಲಿಂದಲೂ ಸುಡುತ್ತದೆ, ನೀರಿನಿಂದ ಪುಟಿದು ಕೆಳಗಿಂದಲೂ ಸುಡುತ್ತದೆ. ಟೋಪಿ ಒಂದೇ ಸಾಲದು. ತೆಳು ಹತ್ತಿಯ ಉದ್ದ ತೋಳಿನ ಅಂಗಿ ಹಾಕಿ, ಬೆಳಿಗ್ಗೆ ಬೇಗ ಹೋಗಿ, ಮೇಲ್ಛಾವಣಿ ಇರುವ ದೋಣಿಯನ್ನೇ ಕೇಳಿ. ಹೆಣ್ಣುಮಕ್ಕಳಿಗೆ ಘೇರು ಜಾಸ್ತಿ ಇರುವ ಪರಕರ ಬೇಡ, ಒದ್ದೆಯಾದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ನಾನೇ ಹೊಲಿದಿದ್ದರೂ ಬೇಡ. ಒಂದು ಜೊತೆ ಒಣ ಬಟ್ಟೆ, ಒಂದು ಟವೆಲ್ ಪ್ಲಾಸ್ಟಿಕ್ ಚೀಲದಲ್ಲಿ ಇರಲಿ, ಒದ್ದೆ ಮಗು ಗಾಳಿಗೆ ಬೇಗ ನಡುಗುತ್ತದೆ. ಹೊಟ್ಟೆ ತುಂಬ ತಿನ್ನಿಸಿ ಹತ್ತಿಸಬೇಡಿ, ಖಾಲಿ ಹೊಟ್ಟೆಯೂ ಬೇಡ. ಎರಡು ವರ್ಷ ದಾಟಿದ ಮಕ್ಕಳಿಗೆ ತಲೆಸುತ್ತು, ವಾಂತಿ ಆಗುವುದುಂಟು. ಅಂಥವರಿಗೆ ದೂರದ ದಂಡೆ ತೋರಿಸುತ್ತ ಮಾತಾಡಿಸಿ. ಓಡುವ ದೋಣಿಯಲ್ಲಿ ಸಣ್ಣವರ ಕೈಗೆ ಶೇಂಗಾ ಕೊಡಬೇಡಿ, ಒಂದು ಜಿಗಿತಕ್ಕೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮೋಟರ್ ಬೋಟ್ ಆದರೆ ಎಂಜಿನ್ ಪಕ್ಕ ಕೂರಬೇಡಿ. ಹೊಗೆ ಅಲ್ಲೇ ಸುತ್ತುತ್ತದೆ, ಸದ್ದಿಗೆ ಕೂಸು ಬೆಚ್ಚುತ್ತದೆ.

ಹತ್ತುವ ಇಳಿಯುವ ಹೊತ್ತೇ ನಿಜವಾದ ಗಂಡಾಂತರ. ಕೂಸನ್ನು ಎತ್ತಿಕೊಂಡು ದಂಡೆಯಿಂದ ದೋಣಿಗೆ ಹಾರಬಾರದು. ಒಬ್ಬರು ಮೊದಲು ಹತ್ತಿ ಕೂರಲಿ, ದಂಡೆಯಲ್ಲಿರುವವರು ಕೂಸನ್ನು ಅವರ ಕೈಗೆ ಕೊಡಲಿ, ಆಮೇಲೆ ಇವರು ಹತ್ತಲಿ. ಅಂಚು ಹಿಡಿದ ಮಕ್ಕಳ ಬೆರಳು ದೋಣಿಗೂ ಮೆಟ್ಟಿಲಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಜಾಕೆಟ್ ದಂಡೆಯಲ್ಲೇ ತೊಡಿಸಿ, ವಾಪಸ್ ದಂಡೆಗೆ ಬಂದ ಮೇಲೆಯೇ ಬಿಚ್ಚಿ.

ನಮ್ಮ ಜಿಲ್ಲೆಗೆ ನೀರು ಹೊಸದಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರನ್ನೇ ಕೊಟ್ಟವರು ನಾವು. ಹಳೇ ಊರಿನಲ್ಲಿದ್ದ ನಮ್ಮಪ್ಪನ ಅಂಗಡಿ ಈಗ ನೀರೊಳಗೆ. ಜಲಾಶಯ ತನ್ನ ಪೂರ್ಣ ಮಟ್ಟಕ್ಕೆ, ಅಂದರೆ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ತುಂಬಿದಾಗ ಸಮುದ್ರದ ಹಾಗೆ ಕಾಣುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಕಡೆಯಿಂದ ಲಕ್ಷಗಟ್ಟಲೆ ಕ್ಯೂಸೆಕ್ ಹರಿದು ಬರುವಾಗ, ಗಾಳಿ ಬೀಸುವಾಗ ಅಂಬಿಗರೇ ಯೋಚಿಸಿ ದೋಣಿ ಬಿಡುತ್ತಾರೆ. ಆ ದಿನಗಳಲ್ಲಿ ಮಕ್ಕಳೊಂದಿಗೆ ವಿಹಾರದ ಮಾತೇ ಬೇಡ. ಸಂಕ್ರಾಂತಿಯಲ್ಲಿ ಕೂಡಲಸಂಗಮಕ್ಕೆ ಮೀಯಲು ಜನ ಕಿಕ್ಕಿರಿಯುವಾಗ ಇನ್ನೊಂದು ಬಗೆಯ ಅಪಾಯ. ಅಂಥ ಗದ್ದಲದ ದಿನ ದೋಣಿ ಹತ್ತುವವರ ತಲೆ ಎಣಿಸುವುದು ಯಾರು?

ತಲೆ ಎಣಿಸದಿದ್ದರೆ ಏನಾಗುತ್ತದೆ ಅಂತ ನೋಡಿದ್ದೇವೆ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ 16 ಜನ ಹೋದರು. 2023ರ ಮೇನಲ್ಲಿ ಕೇರಳದ ತಾನೂರಿನಲ್ಲಿ 22 ಜನ, ಅರ್ಧಕ್ಕಿಂತ ಹೆಚ್ಚು ಮಕ್ಕಳು. 2024ರ ಜನವರಿಯಲ್ಲಿ ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದ 12 ಮಕ್ಕಳು, ಇಬ್ಬರು ಶಿಕ್ಷಕಿಯರು. ಅದು ಊರ ನಡುವಿನ ಕೆರೆ. ಅಲ್ಲಿ ಎಲ್ಲ ಮಕ್ಕಳಿಗೆ ಜಾಕೆಟ್ ಇರಲಿಲ್ಲ, ಹಿಡಿಸುವುದಕ್ಕಿಂತ ಹೆಚ್ಚು ಜನ ಇದ್ದರು.

ದೋಣಿಯವರ ಕಷ್ಟವೂ ಇದೆ. ಸಣ್ಣ ಸೈಜು ತಂದಿಟ್ಟರೆ ಎಷ್ಟು ಮಂದಿ ಕೇಳುತ್ತಾರೆ ಅಂತ ಅವರು ಲೆಕ್ಕ ಹಾಕುತ್ತಾರೆ. ನಿಜ, ನಾವು ಕೇಳುವುದಿಲ್ಲ. ಅದಕ್ಕೇ ಇದನ್ನು ಅವರ ಮರ್ಜಿಗೆ ಬಿಡಬಾರದು. ಮೋಟರ್ ದೋಣಿಗಳ ನೋಂದಣಿ, ತಪಾಸಣೆಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಬೋಟಿಂಗ್ ಟೆಂಡರ್ ಕರೆಯುವಾಗ ಜಿಲ್ಲಾಡಳಿತದವರು, ಪ್ರವಾಸೋದ್ಯಮದವರು ಷರತ್ತಿನಲ್ಲಿ ಎರಡು ಸಾಲು ಸೇರಿಸಲಿ: ಮಕ್ಕಳ ಮೂರೂ ಸೈಜಿನ ಜಾಕೆಟ್ ಕಾಲಿನ ಪಟ್ಟಿ ಸಮೇತ ಇರಬೇಕು, ಅಳತೆಯದ್ದು ಸಿಗದ ಮಗುವಿಗೆ ಟಿಕೆಟ್ ಕೊಡಕೂಡದು. ಎಷ್ಟು ಜನ ಹತ್ತಬಹುದು ಅಂತ ದೋಣಿಯ ಮೈಮೇಲೇ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಸಲಿ, ಕೂಸನ್ನೂ ಒಂದು ತಲೆ ಅಂತಲೇ ಎಣಿಸಲಿ. ಡಿಸೆಂಬರ್ ಬಂದರೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಜಾಕೆಟ್ ತರಿಸಲು ಅದಕ್ಕೆ ಮುಂಚಿನ ಮಳೆಗಾಲವಿಡೀ ಸಮಯ ಇದೆ.

ಇತಿ,
ಒಬ್ಬ ಟೇಲರ್,
ನವನಗರ, ಬಾಗಲಕೋಟೆ