ಚಿನ್ನುಗೆ ಏನೂ ಆಗಿಲ್ಲ ಅಕ್ಕ

ಅಕ್ಕ,

ನಾನು ಚೆನ್ನಾಗಿದ್ದೇನೆ. ಅಮ್ಮ, ಭಾವ ಎಲ್ಲರನ್ನೂ ಕೇಳಿದೆ ಅಂತ ಹೇಳು.

ನಿನ್ನ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ಚಿನ್ನು ಮೂರು ದಿನದಿಂದ ಅವಿಭಾಜ್ಯ ಸಂಖ್ಯೆ (1ಕ್ಕಿಂತ ದೊಡ್ಡದು, 1 ಮತ್ತು ತನ್ನದು ಬಿಟ್ಟು ಬೇರೆ ಯಾವ ಮಗ್ಗಿಯಲ್ಲೂ ಬಾರದ್ದು) ಬರೆದು ಬರೆದು ಅಳುತ್ತಿದ್ದಾಳೆ, ನಿದ್ದೆಯಲ್ಲೂ ಅದನ್ನೇ ಬಡಬಡಿಸುತ್ತಾಳೆ, ಇವಳಿಗೆ ಏನಾದರೂ ಆಗಿದೆಯಾ ಅಂತ ಕೇಳಿದ್ದೀಯ. ಬೆಳಿಗ್ಗೆ ಎದ್ದು ನೀನು ಕಳಿಸಿದ ನೋಟ್‌ಬುಕ್ ಫೋಟೋ ಸರಿಯಾಗಿ ನೋಡಿದೆ. ಏನೂ ಆಗಿಲ್ಲ ಅಕ್ಕ, ನನ್ನ ಮಾತು ನಂಬು.

ಅವಳು 2, 3, 5, 7, 11, 13, 17, 19, 23 ಅಂತ ಬರೆದು, ಕೆಳಗೆ ಒಂದರಿಂದ ಮುಂದಿನದಕ್ಕೆ ಎಷ್ಟು ಅಂತರ ಅಂತ ಬರೆದಿದ್ದಾಳೆ. 7ರಿಂದ ಮುಂದೆ 4, 2, 4, 2, 4. ಆಮೇಲೆ 2 ಅಂತ ಬರೆದು ಕಾಗದ ಹರಿಯುವಷ್ಟು ಉಜ್ಜಿ ಅಳಿಸಿದ್ದಾಳೆ. ಅಳು ಶುರುವಾಗಿದ್ದು ಅಲ್ಲೇ ಇರಬೇಕು. ಅವಳ ಲೆಕ್ಕದ ಪ್ರಕಾರ 25 ಬರಬೇಕಿತ್ತು, ಬಂದಿದ್ದು 29.

ಇನ್ನು ಮುಂದಿನದನ್ನು ಅವಳಿಗೇ ಓದಿ ಹೇಳು.

ಚಿನ್ನು, ನೀನು ಕಂಡುಹಿಡಿದಿದ್ದು ತಪ್ಪಲ್ಲ ಪುಟ್ಟಾ. 2ರ ಮಗ್ಗಿ, 3ರ ಮಗ್ಗಿ ಎರಡನ್ನೂ ಹೊಡೆದುಹಾಕಿ, 5ರಿಂದ ಮುಂದೆ ಉಳಿದಿದ್ದನ್ನು ನೋಡು: 5, 7, 11, 13, 17, 19, 23, 25, 29, 31, 35. ಅಂತರ 2, 4, 2, 4 ಅಂತ ಎಂದೂ ತಪ್ಪುವುದಿಲ್ಲ. ನಿನಗೆ ಸಿಕ್ಕಿದ್ದು ಅದೇ. ಆದರೆ 25ರಲ್ಲಿ 5ರ ಮಗ್ಗಿ ಅಡ್ಡ ಬಂತು. 5×2, 5×3, 5×4 ಎಲ್ಲ ಮೊದಲೇ ಹೋಗಿದ್ದವು, ಅದು ಹೊಸದಾಗಿ ಹೊಡೆದ ಮೊದಲ ಸಂಖ್ಯೆಯೇ 5×5. ಹಾಗೆಯೇ 7ರ ಮಗ್ಗಿ 49ರಲ್ಲಿ, 11ರದ್ದು 121ರಲ್ಲಿ ಕೆಲಸ ಶುರುಮಾಡುತ್ತದೆ. ಒಂದು ಸಾಲು ಕೂಡಿಬರುವಷ್ಟರಲ್ಲಿ ಇನ್ನೊಂದು ಮಗ್ಗಿ ಬಂದು ಕೆಡಿಸುತ್ತದೆ. 100ರ ಒಳಗೆ ನಾಲ್ಕು ಅವಿಭಾಜ್ಯಗಳ ಮಗ್ಗಿಯಿಂದ ತಪ್ಪಿಸಿಕೊಂಡರೆ ಸಾಕು, 1000ದ ಒಳಗೆ 11 ಅವಿಭಾಜ್ಯಗಳ ಮಗ್ಗಿಯಿಂದ ತಪ್ಪಿಸಿಕೊಳ್ಳಬೇಕು. ಅದಕ್ಕೇ ಮುಂದೆ ಹೋದಂತೆ ಅವು ವಿರಳ. ನೂರು ನೂರಾಗಿ ಎಣಿಸಿದರೆ 25, 21, 16, 16, 17 ಸಿಗುತ್ತವೆ. ಕೊನೆಯದರಲ್ಲಿ ಒಂದು ಜಾಸ್ತಿ ಆಯಿತು, ನೋಡಿದೆಯಾ? 113 ಆದಮೇಲೆ 127ರವರೆಗೆ ಒಂದೂ ಇಲ್ಲ. ಆದರೂ ಇವು ಮುಗಿಯುವುದೇ ಇಲ್ಲ ಅಂತ ಗ್ರೀಕ್ ಗಣಿತಜ್ಞ ಯೂಕ್ಲಿಡ್ 2000 ವರ್ಷಕ್ಕೂ ಹಿಂದೆಯೇ ತೋರಿಸಿದ್ದಾನೆ.

ನಿನ್ನ ಹಾಗೇ ಒಬ್ಬ ಹುಡುಗ ಇದ್ದ, ಗೌಸ್ ಅಂತ, ಮುಂದೆ ದೊಡ್ಡ ಗಣಿತಜ್ಞನಾದ. 15-16ನೇ ವಯಸ್ಸಿನಲ್ಲಿ ಅವಿಭಾಜ್ಯಗಳ ಪಟ್ಟಿ ಇಟ್ಟುಕೊಂಡು ಎಣಿಸುತ್ತಿದ್ದ. ಅವನೂ ಮುಂದಿನದು ಯಾವುದು ಅಂತ ಹೇಳಲಿಲ್ಲ, ಸರಾಸರಿ ಎಷ್ಟು ದೂರಕ್ಕೊಂದು ಸಿಗುತ್ತದೆ ಅಂತ ನೋಡಿದ. 1000ದ ಹತ್ತಿರ ಸುಮಾರು 7ಕ್ಕೊಂದು, ಹತ್ತು ಲಕ್ಷದ ಹತ್ತಿರ ಸುಮಾರು 14ಕ್ಕೊಂದು. ಸಂಖ್ಯೆ ಹತ್ತು ಪಟ್ಟಾದರೆ ಅಂತರ ಸುಮಾರು 2.3 ಅಷ್ಟೇ ಜಾಸ್ತಿ! ಇದು ನಿಜ ಅಂತ ಸಾಧಿಸಿದ್ದು 1896ರಲ್ಲಿ, ಅವನು ಸತ್ತು 41 ವರ್ಷ ಆದಮೇಲೆ. ಲೆಕ್ಕ ಎಷ್ಟು ಆಚೀಚೆ ಆಗಬಹುದು ಅನ್ನುವುದಕ್ಕೆ ರೀಮನ್ ಅನ್ನುವ ಇನ್ನೊಬ್ಬ ಗಣಿತಜ್ಞ 1859ರಲ್ಲಿ ಒಂದು ಊಹೆ ಬರೆದಿಟ್ಟ. ಅದನ್ನು ಇವತ್ತಿನವರೆಗೂ ಯಾರೂ ಸಾಧಿಸಿಲ್ಲ. ಮೂರು ದಿನದಲ್ಲಿ ಸಿಗಲಿಲ್ಲ ಅಂತ ನೀನು ಯಾಕೆ ಅಳಬೇಕು?

ಅಕ್ಕ, ಗೌಸ್, ರೀಮನ್ ಇಬ್ಬರೂ ಪಾಠ ಮಾಡಿದ್ದು ನಾನಿರುವ ಜರ್ಮನಿಯ ಈ ಗಟ್ಟಿಂಗೆನ್ ಊರಿನಲ್ಲೇ. ಗೌಸ್‌ನ ಸಮಾಧಿಯೂ ಇಲ್ಲಿದೆ. ಇಲ್ಲಿನವರು 31 ಅನ್ನು ‘ಒಂದು ಮತ್ತು ಮೂವತ್ತು’ ಅನ್ನುತ್ತಾರೆ, ಕೇಳಿದ ಹಾಗೇ ಬರೆದರೆ 13 ಆಗುತ್ತದೆ. ನಮ್ಮ ಮೂವತ್ತೊಂದೇ ನೇರ. ಆದರೆ 13, 31 ಎರಡೂ ಅವಿಭಾಜ್ಯವೇ ಅಂತ ಚಿನ್ನುಗೆ ಹೇಳು, ಇಂಥ ಜೋಡಿ ಇನ್ನೂ ಹುಡುಕಲಿ.

ದಡ್ಡಿ ಅಂತ ಯಾರೂ ಅನ್ನಬೇಡಿ. ಪ್ರಶ್ನೆ ಕೇಳಿದ್ದಕ್ಕೆ ತರಗತಿಯಲ್ಲಿ ಸುಮ್ನೆ ಕೂರಿಸಿದರಂತೆ, ನೀವು ಮನೆಯಲ್ಲಿ ಹಾಗೆ ಮಾಡಬೇಡಿ. ಟ್ಯೂಷನ್ ಈಗಲೇ ಬೇಡ. ರಾತ್ರಿ ಮಾತ್ರ ನೋಟ್‌ಬುಕ್ ಎತ್ತಿಡು, ನಿದ್ದೆ ಬಂದರೆ ಎಲ್ಲ ಸರಿಹೋಗುತ್ತದೆ. ಖಂಡಿತ ಸರಿಹೋಗುತ್ತದೆ, ನೀನು ಹೆದರಬೇಡ. ಬಸ್ಸಿಗೆ ಹೊತ್ತಾಯಿತು, ಭಾನುವಾರ ಫೋನ್ ಮಾಡುತ್ತೇನೆ, ಅವಳನ್ನು ಎಬ್ಬಿಸಿಟ್ಟಿರು.

ನಿನ್ನ ತಮ್ಮ