ನಮ್ಮ ಮನೆಯವರು ಊರಿಗೆ ಬಂದರು, ನನ್ನದೂ ನಾಲ್ಕು ಮಾತು

ಕಳೆದ ವಾರ ನಮ್ಮ ಮನೆಯವರು ಮಿಲ್ಟ್ರಿ ಸರ್ವೀಸ್ ಮುಗಿಸಿ ಊರಿಗೆ ಬಂದರು. ಹವಾಲ್ದಾರ್ ಆಗಿ, 24 ವರ್ಷ ಪೂರೈಸಿ. ಬೈಲಹೊಂಗಲದಿಂದ ಊರ ಅಗಸಿವರೆಗೂ ತೆರೆದ ಜೀಪು, ಡೊಳ್ಳು, ಹಾರ, ಶಾಲೆ ಮಕ್ಕಳ ಕೈಯಲ್ಲಿ ಬಾವುಟ. ಫೋಟೋದಲ್ಲಿ ಇವರ ಮುಖ ನೋಡಿದಿರಲ್ಲ, ಗಡಿಯಲ್ಲೂ ಅಷ್ಟು ಗಾಬರಿ ಆಗಿರಲಿಕ್ಕಿಲ್ಲ. ಗೆಳೆಯರ ಬಳಗಕ್ಕೆ, ಪಂಚಾಯಿತಿಯವರಿಗೆ, ಡೊಳ್ಳಿನ ಹುಡುಗರಿಗೆ, ಡೀಸೆಲ್ ದುಡ್ಡೂ ಮುಟ್ಟದ ಜೀಪಿನ ಅಣ್ಣನಿಗೆ ಕೈ ಮುಗಿದು ಥ್ಯಾಂಕ್ಸ್. ವೇದಿಕೆಗೆ ನನ್ನನ್ನೂ ಕರೆದು ಮೈಕ್ ಕೊಟ್ಟಿರಿ. "ಎಲ್ಲರಿಗೂ ನಮಸ್ಕಾರ" ಅಂದ ಮೇಲೆ ಮಾತೇ ಹೊರಡಲಿಲ್ಲ. ಆವತ್ತು ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ಸಣ್ಣ ಸಣ್ಣ ಸಾಲಗಳು. ಪಿಂಚಣಿಯ ಆನ್‌ಲೈನ್ ವ್ಯವಸ್ಥೆ 'ಸ್ಪರ್ಶ್'ನ ಕೆಲಸಕ್ಕೆ ಕಂಪ್ಯೂಟರ್ ಮುಂದೆ ತಾಸುಗಟ್ಟಲೆ ಕೂತ ಅಳಿಯನಿಗೆ, ಚಿಕಿತ್ಸೆಗೆ ಬೇಕಾಗುವ ಇಸಿಎಚ್ಎಸ್ ಕಾರ್ಡಿನ ಕಾಗದ ಪತ್ರ ತಿದ್ದಿ ಕೊಟ್ಟ ಮಾಜಿ ಸೈನಿಕರ ಸಂಘದ ಕಾಕಾನಿಗೆ, ಅಪ್ಪ ಊರಲ್ಲಿಲ್ಲದ ಪ್ರತಿ ಪೇರೆಂಟ್ಸ್ ಮೀಟಿಂಗಿನಲ್ಲೂ ಮಗಳನ್ನು ಪಕ್ಕ ಕೂರಿಸಿಕೊಂಡ ಟೀಚರ್‌ಗೆ ನಾನು ಋಣಿ. ರಜೆ ಮುಗಿಸಿ ಹೊರಟ ಹುಡುಗರು ನಮ್ಮ ಅತ್ತೆಯ ಶೇಂಗಾ ಹೋಳಿಗೆ, ಗೋಕಾಕ ಕರದಂಟಿನ ಡಬ್ಬಿಗಳನ್ನು ತಮ್ಮ ಕಪ್ಪು ಟ್ರಂಕಿನಲ್ಲಿ ಹೊತ್ತು ಎಲ್ಲೆಲ್ಲಿಗೋ ಮುಟ್ಟಿಸಿದ್ದಾರೆ. ದಾರಿಯಲ್ಲಿ ಅರ್ಧ ಅವರೇ ತಿಂದಿದ್ದಾರೆ ಅನ್ನುವುದೂ ನಮಗೆ ಗೊತ್ತು. ಇರಲಿ, ತಿನ್ನಲಿ. ಇವರು ಬಂದು ಚೀಲ ಇಳಿಸುವ ಮೊದಲೇ "ಕ್ಯಾಂಟೀನ್ ಕಾರ್ಡ್ ಬಂತಾ?" ಅಂತ ಕೇಳಿದ ಮಾವಂದಿರಿಗೂ ಒಂದು ನಮಸ್ಕಾರ.

ಇನ್ನು ವೈನಿ. ಅಂದರೆ ಅತ್ತಿಗೆ, ನಮ್ಮ ಕಡೆ ಹಾಗೇ ಕರೆಯುವುದು.

ಬೆಳಗಾವಿ ಕ್ಯಾಂಪಿನಲ್ಲಿ ನಾವು ಬಾಡಿಗೆಗಿದ್ದ ಚಾಳಿನಲ್ಲಿ ಅವರದು ಪಕ್ಕದ ಮನೆ. ಹೆಸರು ಹೇಳಿದರೆ ಬಯ್ಯುತ್ತಾರೆ, ಅದಕ್ಕೆ ಹೇಳುವುದಿಲ್ಲ. ಅವರ ಯಜಮಾನರೂ ಮಿಲ್ಟ್ರಿಯವರು. ಕಾರ್ಗಿಲ್ ಯುದ್ಧದ ಮರುವರ್ಷ ಕಾಶ್ಮೀರದಲ್ಲಿ ತೀರಿಕೊಂಡರು.

ನಮ್ಮ ಮನೆಯವರು ಸಿಯಾಚಿನ್‌ನಲ್ಲಿದ್ದಾಗಿನ ಆ ರಾತ್ರಿ ಏನಾಯಿತು ಅನ್ನುವುದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಮತ್ತೆ ಬರೆಯುವುದಿಲ್ಲ. ಗೊತ್ತಿಲ್ಲದವರಿಗೆ ಇಷ್ಟು ಸಾಕು: 18,000 ಅಡಿಗಿಂತ ಮೇಲಿನ ಪೋಸ್ಟ್, ಗಾಳಿ, ಕತ್ತಲು, ಬೆಳಗಾಗುವ ತನಕ ಹೆಲಿಕಾಪ್ಟರ್ ಏಳುವ ಹಾಗಿಲ್ಲ. 1984ರಿಂದ ನಮ್ಮವರು ಅಲ್ಲಿ ಕಾವಲಿದ್ದಾರೆ. ಅಲ್ಲಿ ಗುಂಡಿಗಿಂತ ಹವೆಗೆ ಹೋದ ಜೀವಗಳೇ ಜಾಸ್ತಿ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2016ರ ಫೆಬ್ರವರಿಯಲ್ಲಿ ಹಿಮ ಕುಸಿದು 10 ಜನ ಹೂತುಹೋದರಲ್ಲ, ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರೊಬ್ಬರೇ ಆರು ದಿನ ಬಿಟ್ಟು ಜೀವಂತ ಸಿಕ್ಕರು. ಮನೆಮನೆಯಲ್ಲೂ ದೇವರಿಗೆ ದೀಪ ಹಚ್ಚಿದ್ದೆವು. ಫೆಬ್ರವರಿ 11ಕ್ಕೆ ಅವರೂ ಹೋದರು. ಆವತ್ತಿಂದ ಫೌಜಿ ಮನೆಯ ಹೆಂಗಸರಿಗೆ 'ಸಿಕ್ಕಿದ್ದಾರೆ, ಉಸಿರಿದೆ' ಅನ್ನುವ ಮಾತಿನ ಮೇಲೂ ಪೂರಾ ನಂಬಿಕೆ ಬರುವುದಿಲ್ಲ.

ಫೋನ್ ಬಂದದ್ದು ರಾತ್ರಿ ಊಟದ ಹೊತ್ತಿಗೆ. "ತಬಿಯತ್ ಸರಿಯಿಲ್ಲ, ಬೆಳಗ್ಗೆ ಕೆಳಗೆ ತರುತ್ತೇವೆ" ಅಂತ ಹಿಂದಿಯಲ್ಲಿ ಹೇಳುತ್ತಿರುವಾಗಲೇ ಲೈನ್ ಹೋಯಿತು. ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ. ವೈನಿ ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಬಂದರು. ಬಂದವರು ಸಮಾಧಾನ ಹೇಳಲಿಲ್ಲ. ಟಿವಿ ಬಂದ್ ಮಾಡಿದರು. ನನ್ನ ಫೋನನ್ನು ಚಾರ್ಜಿಗೆ ಹಾಕಿದರು. ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ನನ್ನ ಕೈಗೆ ಕೊಟ್ಟು, "ಬರಕೋ" ಅಂದರು. ಆರ್ಮಿ ನಂಬರ್, ರ‍್ಯಾಂಕ್, ಹೆಸರು. ಕೆಳಗೆ ಪ್ರಶ್ನೆಗಳು: ಮಾತಾಡುತ್ತಿರುವವರು ಯಾರು, ಈಗ ಎಲ್ಲಿದ್ದಾರೆ, ಯಾವ ಆಸ್ಪತ್ರೆಗೆ ಒಯ್ಯುತ್ತೀರಿ, ತಿರುಗಿ ಯಾವ ನಂಬರಿಗೆ ಫೋನ್ ಮಾಡಲಿ. "ಫೋನ್ ಬಂತಂದರೆ ಮೊದಲ ನಂಬರ್ ಕೇಳು ತಂಗಿ. ಹೆಸರಿನ ಮ್ಯಾಲೆ ಭರೋಸಾ ಇಡಬ್ಯಾಡ. ಅಳೋದು ಆಮ್ಯಾಲೆ."

ಎಷ್ಟು ಗಟ್ಟಿ ಮನಸ್ಸು ಅಂತ ಆಗ ಅನ್ನಿಸಿತ್ತು. ಕಾರಣ ಎಷ್ಟೋ ತಿಂಗಳ ಮೇಲೆ ಗೊತ್ತಾಯಿತು, ಅದೂ ಅಕ್ಕಿ ಆರಿಸುತ್ತಾ ಕೂತಿದ್ದಾಗ ಮಾತಿಗೆ ಮಾತು ಬಂದು. ಅವರ ಯಜಮಾನರ ಯೂನಿಟ್‌ನಲ್ಲಿ ಅದೇ ಹೆಸರಿನ ಇನ್ನೊಬ್ಬರಿದ್ದರು. ಸುದ್ದಿ ಬಂದಾಗ ಅದು ಆ ಇನ್ನೊಬ್ಬರದು ಅಂದುಕೊಂಡು ಅರ್ಧ ದಿನ ಕೂತಿದ್ದರಂತೆ. "ಆ ಅರ್ಧ ದಿನ ನಾನು ದೇವರಿಗೆ ಏನು ಬೇಡಿಕೊಂಡೆ ಅಂತ ಯಾರಿಗೂ ಹೇಳಿಲ್ಲ" ಅಂದರು. ನಾನೂ ಕೇಳಲಿಲ್ಲ.

ಆ ರಾತ್ರಿ ಅವರು ತಮ್ಮ ಮನೆಗೆ ಹೋಗಲೇ ಇಲ್ಲ. ಒತ್ತಾಯ ಮಾಡಿ ಅರ್ಧ ರೊಟ್ಟಿ ತಿನ್ನಿಸಿದರು. ಮಗಳ ಪಕ್ಕ ಮಲಗಿ ತಟ್ಟಿ ನಿದ್ದೆ ಮಾಡಿಸಿದರು. ರಾತ್ರಿ ಎರಡರ ಹೊತ್ತಿಗೆ ನಾನು ಒಳಗೆ ಹೊರಗೆ ಓಡಾಡುವುದನ್ನು ನೋಡಿ, ತಮ್ಮ ಮನೆಯಿಂದ ಶೇಂಗಾ ಚೀಲ ತಂದು ಮುಂದೆ ಸುರಿದು "ಬಿಡಸು" ಅಂದರು. ಇಬ್ಬರೂ ಬೆಳಗಿನ ತನಕ ಶೇಂಗಾ ಬಿಡಿಸಿದೆವು. ನಡುವೆ ಒಬ್ಬ ದೊಡ್ಡ ಮನುಷ್ಯರು ಬಾಗಿಲಲ್ಲಿ ನಿಂತು, ದೇಶಕ್ಕಾಗಿ ಅಲ್ವಾ, ಹೆಮ್ಮೆ ಪಡಬೇಕು, ಅಳಬಾರದು ಅಂದರು. ವೈನಿ ಎದ್ದು ಹೋಗಿ ಅವರ ಜೊತೆ ಏನೋ ಮಾತಾಡಿ, ಬಾಗಿಲು ಹಾಕಿಕೊಂಡು ಬಂದು ಮತ್ತೆ ಶೇಂಗಾಕ್ಕೆ ಕೂತರು.

ಇವತ್ತು ಹೇಳಿಬಿಡುತ್ತೇನೆ. ಆ ರಾತ್ರಿ ನನಗೆ ದೇಶ ಬೇಕಿರಲಿಲ್ಲ. ಗಂಡ ಬೇಕಿತ್ತು. ಮಗಳಿಗೆ ಅಪ್ಪ ಬೇಕಿತ್ತು. ರಜೆಯಲ್ಲಿ ಬಂದ ಅಪ್ಪನನ್ನು "ಯಾವಾಗ ಹೋಗ್ತೀರಿ?" ಅಂತಲೇ ಮೊದಲು ಕೇಳುತ್ತಿದ್ದ ಕೂಸು ಅದು. ಹೆಮ್ಮೆ ಇಲ್ಲ ಅಂತಲ್ಲ, ಇದೆ. ಆದರೆ ಅದು ಮೆರವಣಿಗೆಯ ದಿನ ಬರುತ್ತದೆ, ಆಗಸ್ಟ್ 15ಕ್ಕೆ ಬರುತ್ತದೆ. ಫೋನ್ ಕಾಯುವ ರಾತ್ರಿ ಬರುವುದಿಲ್ಲ. ಆಗ ಪಕ್ಕದ ಮನೆಯವರು ಬರಬೇಕು.

ಬೆಳಗ್ಗೆ ಫೋನ್ ಬಂತು. ನಂಬರ್ ಕೇಳಿದೆ. ಅವರು ಒಂದೊಂದೇ ಅಂಕಿ ಹೇಳುತ್ತಾ ಹೋದರು, ವೈನಿ ಹಾಳೆಯ ಮೇಲೆ ಬೆರಳಿಟ್ಟು ತಾಳೆ ನೋಡಿದರು. ಹೆಲಿಕಾಪ್ಟರ್ ಇಳಿದಿದೆ, ಆಸ್ಪತ್ರೆಯಲ್ಲಿದ್ದಾರೆ, ಉಸಿರಾಟ ಸುಧಾರಿಸಿದೆ. ನಾನು ಅಲ್ಲೇ ನೆಲಕ್ಕೆ ಕೂತೆ. ವೈನಿ, "ನಳ ಬಂದದ, ನೀರು ಹಿಡೀಬೇಕು" ಅಂತ ಎದ್ದು ಹೋದರು. ಅಷ್ಟೇ. ಮುಂದೆ ಎಂದೂ ಅದರ ಬಗ್ಗೆ ಮಾತೆತ್ತಲಿಲ್ಲ.

ಆ ರಾತ್ರಿ ಇವರ ಪಕ್ಕ ಕೂತು ಆಕ್ಸಿಜನ್ ಹಿಡಿದ ಪೋಸ್ಟಿನ ಹುಡುಗರನ್ನು, ಬೆಳಕು ಹರಿಯುತ್ತಲೇ ಚೀತಾ ಹೆಲಿಕಾಪ್ಟರ್ ಏರಿಸಿದ ಪೈಲಟ್‌ಗಳನ್ನು, ಆಸ್ಪತ್ರೆಯ ಡಾಕ್ಟರು, ಸಿಸ್ಟರ್‌ಗಳನ್ನು ನಾನು ನೋಡಿಲ್ಲ. ಅವರೆಲ್ಲರ ಮನೆಯಲ್ಲೂ ಅವತ್ತು ಯಾರೋ ಫೋನ್ ಕಾಯುತ್ತಿದ್ದಿರಬೇಕು. ಅವರಿಗೂ, ಅವರನ್ನು ಕಾಯುತ್ತಿದ್ದವರಿಗೂ ನನ್ನ ನಮಸ್ಕಾರ. ಮಗನ ವಿಳಾಸ ಅಂದರೆ ಬರೀ '56 ಎಪಿಒ' ಅನ್ನುವ ಮಿಲ್ಟ್ರಿ ಅಂಚೆ ನಂಬರು, ಊರಿನ ಹೆಸರೇ ಇಲ್ಲದ ಆ ವಿಳಾಸಕ್ಕೆ ವರ್ಷಗಟ್ಟಲೆ ಕಾಗದ ಬರೆಸಿದ ನಮ್ಮ ಅತ್ತೆಗೆ ಮಾತ್ರ ಥ್ಯಾಂಕ್ಸ್ ಹೇಳುವ ಧೈರ್ಯ ನನಗಿಲ್ಲ. ಹೇಳಿದರೆ "ನನ್ನ ಮಗ, ನಿಂದೇನು?" ಅಂತಾರೆ.

ಬರುವ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ. ಎಲ್ಲರೂ ಬನ್ನಿ. ವೈನಿಯೂ ಬರುತ್ತಾರೆ. ದಯವಿಟ್ಟು ಅವರಿಗೆ ಶಾಲು ತರಬೇಡಿ. ಪ್ರತಿ ಸಮಾರಂಭದಲ್ಲೂ ಕರೆದು ಶಾಲು ಹೊದಿಸಿ, ಫೋಟೋ ತೆಗೆದು ಕಳಿಸಿದ್ದಾರೆ. ಟ್ರಂಕ್ ತುಂಬಿದೆ. ಏನಾದರೂ ಮಾಡಲೇಬೇಕು ಅನ್ನಿಸಿದರೆ, ಅವರ ಮನೆಯ ನಳದ ಪೈಪು ಒಡೆದು ಎಷ್ಟೋ ದಿನವಾಯಿತು, ಯಾರೂ ಬರುತ್ತಿಲ್ಲವಂತೆ. ಕ್ಯಾಂಪ್ ಕಡೆಯ ಒಳ್ಳೆಯ ಪ್ಲಂಬರ್ ಯಾರಾದರೂ ಗೊತ್ತಿದ್ದರೆ ನನಗೆ ತಿಳಿಸಿ. ಭಾನುವಾರದೊಳಗೆ ಆದರೆ ಒಳ್ಳೆಯದು.