ಹೆಜ್ಜೆ ನೋಡಿ ಬರೆದ ವರದಿ

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗ ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನೀವು, ಅಮ್ಮ, ಅಜ್ಜಿ ಎಲ್ಲರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಹೋದ ಭಾನುವಾರ ಫೋನಿನಲ್ಲಿ ನೀವು, "ಓಡಿಹೋಗಿ ಚೆಂಡು ಹಿಡಿಯುವ ಹುಡುಗನ ಮೇಲೆ ಆರು ಪುಟ ಬರೆಯುವುದಕ್ಕೆ ಏನಿರುತ್ತದೆ?" ಎಂದು ಕೇಳಿದಿರಿ. ಆಗ ನನಗೆ ತರಗತಿಗೆ ಹೊತ್ತಾಗಿತ್ತು. ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಕಬಡ್ಡಿ ಕಲಿಸಿದ ನಿಮಗೆ ಅರೆಬರೆ ಉತ್ತರ ಕೊಡಲು ಮನಸ್ಸು ಒಪ್ಪದೆ ಈಗ ಬಿಡಿಸಿ ಬರೆಯುತ್ತಿದ್ದೇನೆ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ವೈಡ್ ರಿಸೀವರ್ ಎಂದರೆ ಮೈದಾನದ ಅಂಚಿನ ಕಡೆ ನಿಂತು, ಆಟ ಶುರುವಾದೊಡನೆ ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ಓಡಿ, ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಹಿಡಿಯುವವನು. ನಾನು ವಿಡಿಯೊ ಕೆಲಸ ಮಾಡುವ ನಮ್ಮ ವಿಶ್ವವಿದ್ಯಾಲಯದ ತಂಡದಲ್ಲಿ ಅಂಥ ಹುಡುಗನೊಬ್ಬ ಕೊನೆಯ ವರ್ಷದಲ್ಲಿದ್ದಾನೆ. ಏಪ್ರಿಲ್ ತಿಂಗಳ ಕೊನೆಯಲ್ಲಿ ಇಲ್ಲಿನ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನ 32 ತಂಡಗಳು 7 ಸುತ್ತುಗಳಲ್ಲಿ ಹೊಸಬರನ್ನು ಆರಿಸಿಕೊಳ್ಳುತ್ತವೆ. ಆ ತಂಡದವರು ಇವನಲ್ಲಿ ಏನನ್ನು ಮೆಚ್ಚುತ್ತಾರೆ, ಎಲ್ಲಿ ಅನುಮಾನಪಡುತ್ತಾರೆ ಎಂಬುದನ್ನು ದಾಕ್ಷಿಣ್ಯವಿಲ್ಲದೆ ಬರೆದುಕೊಡು ಎಂದು ಕೋಚ್ ನನಗೆ ಹೇಳಿದ್ದಾರೆ.

ಎಲ್ಲರೂ ಮೊದಲು ಕೇಳುವುದು ವೇಗ. ಪ್ರತಿ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಎಂಬ ಪರೀಕ್ಷೆ ನಡೆಯುತ್ತದೆ. ಅಲ್ಲಿ 40 ಗಜ, ಅಂದರೆ ಸುಮಾರು 36.6 ಮೀಟರ್ ಓಡಿಸಿ ಸೆಕೆಂಡಿನ ನೂರನೇ ಒಂದು ಭಾಗದವರೆಗೂ ಲೆಕ್ಕ ಹಾಕುತ್ತಾರೆ. 2017ರಲ್ಲಿ ಜಾನ್ ರಾಸ್ ಅದನ್ನು 4.22 ಸೆಕೆಂಡಿನಲ್ಲಿ ಮುಗಿಸಿ ಆಗಿನ ದಾಖಲೆ ಮುರಿದ, ಸಿನ್ಸಿನಾಟಿ ತಂಡ ಅವನನ್ನು 9ನೆಯವನಾಗಿ ಆರಿಸಿತು. ಅದೇ ವರ್ಷ ಅದೇ ಪರೀಕ್ಷೆಯಲ್ಲಿ 4.62 ಸೆಕೆಂಡು ತೆಗೆದುಕೊಂಡ ಕೂಪರ್ ಕಪ್ 69ನೆಯವನಾಗಿ ಲಾಸ್ ಏಂಜಲೀಸ್ ರ‍್ಯಾಮ್ಸ್ ಸೇರಿದ. ರಾಸ್‌ನನ್ನು ಗಾಯಗಳು ಕಾಡಿದವು ನಿಜ, ಆದರೂ ಸಿನ್ಸಿನಾಟಿಯ ನಾಲ್ಕು ವರ್ಷಗಳಲ್ಲಿ ಒಂದು ಋತುವಿನಲ್ಲೂ ಅವನು ಚೆಂಡು ಹಿಡಿದು ಗಳಿಸಿದ ದೂರ ಸಾವಿರ ಗಜ ಮುಟ್ಟಲಿಲ್ಲ. ಕಪ್ 2021ರ ಋತುವಿನಲ್ಲಿ 145 ಸಲ ಚೆಂಡು ಹಿಡಿದು 1,947 ಗಜ ಗಳಿಸಿ, 16 ಸಲ ಎದುರಾಳಿಯ ಗೋಲು ಗೆರೆ ದಾಟಿ ಟಚ್‌ಡೌನ್ ಮಾಡಿ, ಈ ಮೂರರಲ್ಲೂ ಇಡೀ ಲೀಗಿಗೆ ಮೊದಲಿಗನಾದ. ಆ ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರನೂ ಅವನೇ.

ಕಪ್ ಆಡಿದ್ದು ಈಸ್ಟರ್ನ್ ವಾಷಿಂಗ್ಟನ್ ಎಂಬ, ಎರಡನೇ ಸಾಲಿನ ವಿಭಾಗದ ವಿಶ್ವವಿದ್ಯಾಲಯಕ್ಕೆ. ಅಲ್ಲಿ 6,464 ಗಜ ಗಳಿಸಿದರೂ, ಎದುರಿದ್ದವರು ದುರ್ಬಲರಲ್ಲವೇ ಎಂಬ ಪ್ರಶ್ನೆ ಸಹಜವಾಗಿತ್ತು. ಆದರೆ 2016ರಲ್ಲಿ ದೊಡ್ಡ ವಿಭಾಗದ ವಾಷಿಂಗ್ಟನ್ ಸ್ಟೇಟ್ ತಂಡವನ್ನು ಅವರದೇ ಮೈದಾನದಲ್ಲಿ ಸೋಲಿಸಿದ ದಿನ ಅವನೊಬ್ಬನೇ 206 ಗಜ ಗಳಿಸಿದ್ದ. ನನ್ನ ಅಭಿಪ್ರಾಯದಲ್ಲಿ ಅಂಥ ಒಂದು ಪಂದ್ಯವನ್ನು ನಾಲ್ಕು ಸಲ ನೋಡುವುದು ಗಡಿಯಾರವನ್ನು ನಾಲ್ಕು ಸಲ ನೋಡುವುದಕ್ಕಿಂತ ಮೇಲು.

ಈಗ ನಮ್ಮ ಹುಡುಗನ ವಿಷಯ. ಈ ಋತುವಿನಲ್ಲಿ ಐದು ಸಲ ಚೆಂಡು ಅವನ ಕೈಜಾರಿದೆ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಆ ಐದನ್ನೂ ನಿಧಾನಗತಿಯಲ್ಲಿ ನೋಡಿದೆ. ನಾಲ್ಕರಲ್ಲಿ ಚೆಂಡು ಬೆರಳಿಗೆ ತಾಗುವ ಮೊದಲೇ ಅವನ ಗದ್ದ ಮುಂದಿನ ಆಟಗಾರನ ಕಡೆ ತಿರುಗಿದೆ; ಹಿಡಿಯುವ ಮುಂಚೆಯೇ ಓಡುವ ಆತುರ. ಎದೆಗೆ ಅವುಚಿಕೊಳ್ಳದೆ, ಕೈ ಮುಂದೆ ಚಾಚಿ ಬೆರಳುಗಳಲ್ಲೇ ಹಿಡಿಯುವವನಾದ್ದರಿಂದ ಇದು ತಿದ್ದಿಕೊಳ್ಳಬಹುದಾದ ತಪ್ಪು ಎಂದೇ ಬರೆದಿದ್ದೇನೆ. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಕಾಲೇಜು ಆಟದಲ್ಲಿ ಗೆರೆಯೊಳಗೆ ಒಂದು ಪಾದ ಊರಿದರೆ ಹಿಡಿದದ್ದು ಸಿಂಧು, ಎನ್‌ಎಫ್‌ಎಲ್‌ನಲ್ಲಿ ಎರಡೂ ಪಾದ ಊರಬೇಕು. ಇವನು ಯಾರೂ ಕೇಳದಿದ್ದರೂ ಅಂಚಿನಲ್ಲಿ ಹಿಡಿಯುವಾಗಲೆಲ್ಲ ಎರಡನೆಯ ಕಾಲನ್ನು ಎಳೆದು ತಂದು, ಹೆಬ್ಬೆರಳ ತುದಿಯಿಂದ ಹುಲ್ಲನ್ನು ಕೆರೆಯುತ್ತಾನೆ.

ನನ್ನ ನಿಜವಾದ ಅನುಮಾನ ಬೇರೆ ಕಡೆ ಇದೆ. ಅವನನ್ನು ಕಾಯುವ ಕಾರ್ನರ್‌ಬ್ಯಾಕ್‌ಗಳು ಹೆಚ್ಚಾಗಿ ಏಳೆಂಟು ಗಜ ಹಿಂದೆ ನಿಲ್ಲುತ್ತಾರೆ. ಜೊತೆಗೆ ನಮ್ಮ ತಂಡ ಅವನಿಗೆ ಸ್ಕ್ರೀನ್ ಪಾಸ್‌ಗಳನ್ನು, ಅಂದರೆ ಯಾರನ್ನೂ ತಪ್ಪಿಸಿಕೊಳ್ಳದೆ ನಿಂತಲ್ಲೇ ಸಿಗುವ ಗಿಡ್ಡ ಎಸೆತಗಳನ್ನು, ಬಹಳ ಕೊಡುತ್ತದೆ. ಅವನ ಅಂಕಿಗಳಲ್ಲಿ ಅವುಗಳ ಪಾಲು ದೊಡ್ಡದು. ಅವನ್ನು ಕಳೆದು ನೋಡದಿದ್ದರೆ ಲೆಕ್ಕ ನಮ್ಮನ್ನೇ ಮೋಸಗೊಳಿಸುತ್ತದೆ. ವೃತ್ತಿಪರರು ಮೂಗಿಗೆ ಮೂಗು ತಾಗುವಂತೆ ನಿಂತು ಮೊದಲ 5 ಗಜದೊಳಗೆ ಎದೆಗೆ ಕೈಕೊಟ್ಟು ತಳ್ಳುತ್ತಾರೆ, ಅದಕ್ಕೆ ನಿಯಮದ ಒಪ್ಪಿಗೆಯೂ ಇದೆ. ಹಾಗೆ ಒತ್ತಿ ನಿಂತವರ ಎದುರು ಇವನು ಆಡಿದ್ದು ನನ್ನ ವಿಡಿಯೊಗಳಲ್ಲಿ ಹನ್ನೊಂದೇ ಸಲ. ಹನ್ನೊಂದರಲ್ಲೂ ಎಡಕ್ಕೆ ಹೋಗುವ ಮುನ್ನ ಅವನ ಬಲ ಹಿಮ್ಮಡಿ ಒಂದು ಕ್ಷಣ ನೆಲಕ್ಕೆ ಕುಸಿಯುತ್ತದೆ. ನನ್ನ ಕಣ್ಣಿಗೇ ಬಿದ್ದದ್ದು ಎನ್‌ಎಫ್‌ಎಲ್‌ನ ಕಾರ್ನರ್‌ಬ್ಯಾಕ್ ಕಣ್ಣಿಗೆ ಬೀಳದಿರುವುದುಂಟೇ?

ಆದ್ದರಿಂದ ನಾಲ್ಕನೇ ಸುತ್ತಿಗೆ ಯೋಗ್ಯ ಎಂದು ಬರೆದು, ಈ ಹಿಮ್ಮಡಿಯ ಮಾತನ್ನು ಮೊದಲ ಪುಟದಲ್ಲೇ ಇಟ್ಟೆ. ಬರೆದ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಕೋಚ್ ಅದನ್ನು ಅವನಿಗೇ ಓದಲು ಕೊಟ್ಟರು. ಅವನು ಸಂಜೆ ನನ್ನ ಕೋಣೆಗೆ ಬಂದು, ಆ ಹನ್ನೊಂದು ತುಣುಕುಗಳನ್ನು ಮಾತಿಲ್ಲದೆ ಎರಡು ಸಲ ನೋಡಿ, ನಾಳೆಯಿಂದ ಬೆಳಿಗ್ಗೆ ಆರಕ್ಕೆ ಬಂದು ತನ್ನ ಪಾದಗಳನ್ನಷ್ಟೇ ಚಿತ್ರೀಕರಿಸಿಕೊಡಬೇಕೆಂದು ಕೇಳಿಕೊಂಡ.

ಅಪ್ಪ, ರೈಡ್‌ಗೆ ಹೋಗುವ ಹುಡುಗನ ಭಾರ ಯಾವ ಕಾಲಿನ ಮೇಲಿದೆಯೆಂದು ಎದುರಾಳಿಗೆ ತಿಳಿಯದಂತೆ ನೀವು ಶಾಲೆಯ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಒಂದು ಅಭ್ಯಾಸ ಮಾಡಿಸುತ್ತಿದ್ದಿರಿ. ಹೆಜ್ಜೆಗಳ ಕ್ರಮ ನನಗೆ ಮರೆತಿದೆ. ದಯವಿಟ್ಟು ಕಾಗದದ ಮೇಲೆ ಗೆರೆ ಸಮೇತ ಬರೆದು, ತಮ್ಮನ ಫೋನಿನಿಂದ ಫೋಟೊ ತೆಗೆಸಿ ಬೇಗ ಕಳುಹಿಸಿ.

ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗ